ಆ್ಯಪ್‌ನಲ್ಲಿ ತಿಳಿ ನೀಲಿ, ದಡದಲ್ಲಿ ಕೆಂಪು ಬಾವುಟ: ಕಡಲ ಮುನ್ಸೂಚನೆ ಆ್ಯಪ್‌ಗಳ ಜೊತೆ ಒಂಬತ್ತು ದಿನ

ರಜೆಯ ಎರಡನೇ ದಿನ ಬೆಳಗ್ಗೆ ಎದ್ದ ತಕ್ಷಣ ಫೋನ್ ನೋಡಿದೆ. ಅಲೆ 1 ಮೀಟರ್, ಗಾಳಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಮೋಡವಿಲ್ಲ. ನಕ್ಷೆಯಲ್ಲಿ ನಮ್ಮ ದಡದ ಮುಂದೆ ಪೂರ್ತಿ ತಿಳಿ ನೀಲಿ ಬಣ್ಣ. ಹಿಂದಿನ ದಿನ ಇದೇ ಆ್ಯಪ್ 1.2 ಮೀಟರ್ ತೋರಿಸಿತ್ತು, ಆಗ ನಾವು ಆರಾಮಾಗಿ ಎರಡು ಗಂಟೆ ನೀರಲ್ಲಿದ್ದೆವು. ಇವತ್ತು ಅದಕ್ಕಿಂತ ಕಡಿಮೆ ಅಲೆ, ಇನ್ನೂ ಚೆನ್ನಾಗಿರುತ್ತದೆ ಅಂತ ಎಲ್ಲರನ್ನೂ ಎಬ್ಬಿಸಿ, ಟವೆಲ್ಲು, ಟ್ಯೂಬು, ಅಕ್ಕನ ಮಗನ ಚೆಂಡು ಎಲ್ಲ ಹೊತ್ತುಕೊಂಡು ದಡಕ್ಕೆ ಹೋದರೆ, ಅಲ್ಲಿ ಕೆಂಪು ಬಾವುಟ ಹಾರುತ್ತಿತ್ತು.

ನಿಜ ಹೇಳುತ್ತೇನೆ, ನನಗೆ ಸಿಟ್ಟೇ ಬಂತು. ಕಡಲು ಕನ್ನಡಿಯ ಹಾಗಿತ್ತು. ಲೈಫ್‌ಗಾರ್ಡ್ ಹತ್ತಿರ ಹೋಗಿ ಫೋನ್ ತೋರಿಸಿದೆ. ಆತ ಫೋನ್ ಕಡೆ ನೋಡಲೇ ಇಲ್ಲ. "ಹತ್ತು ನಿಮಿಷ ಇಲ್ಲೇ ನಿಂತು ನೋಡಿ ಸರ್, ಆಮೇಲೆ ಮಾತಾಡೋಣ" ಅಂದ. ನಿಂತೆ. ಆರೇಳು ನಿಮಿಷ ಏನೂ ಇಲ್ಲ. ಆಮೇಲೆ ದೂರದಲ್ಲಿ ನೀರು ಸುಮ್ನೆ ಒಮ್ಮೆ ಉಬ್ಬಿದ ಹಾಗಾಯಿತು. ಒಂದರ ಹಿಂದೆ ಒಂದು ಐದು ಅಲೆಗಳು ಬಂದವು, ದಡದ ಹತ್ತಿರ ಎದ್ದು ನಿಂತವು, ಗೋಡೆ ಬಿದ್ದ ಹಾಗೆ ದಬ್ಬೆಂದು ಬಿದ್ದವು. ವಾಪಸ್ ಹೋಗುವ ನೀರು ನನ್ನ ಪಾದದ ಕೆಳಗಿನ ಮರಳನ್ನೇ ಎಳೆದುಕೊಂಡು ಹೋಯಿತು. ಐದನೆಯದು ಮುಗಿದ ಮೇಲೆ ಮತ್ತೆ ಕನ್ನಡಿ. ಆ ನಡುವಿನ ಏಳು ನಿಮಿಷದಲ್ಲಿ ನಾವು ನೀರಿಗೆ ಇಳಿದಿರುತ್ತಿದ್ದೆವು, ಅಲ್ವಾ?

ಅವತ್ತಿನಿಂದ ಉಳಿದ ದಿನವೆಲ್ಲ ನಾನು ಒಂದು ಕೆಲಸ ಮಾಡಿದೆ. ಬೆಳಗ್ಗೆ ಆ್ಯಪ್ ಏನು ಹೇಳಿತು, ದಡದಲ್ಲಿ ಏನಿತ್ತು ಅಂತ ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಟ್ಟೆ. ಈ ವಿಮರ್ಶೆ ಬಂದಿದ್ದು ಅದರಿಂದಲೇ. ನಾನು ಸರ್ಫಿಂಗ್ ಮಾಡುವವನಲ್ಲ, ದೋಣಿಯವನೂ ಅಲ್ಲ. ಈಜುಕೊಳದಲ್ಲಿ ಈಜು ಕಲಿತು, ವರ್ಷಕ್ಕೊಮ್ಮೆ ಕಡಲಿಗೆ ಹೋಗುವ ಸಾಮಾನ್ಯ ಮನುಷ್ಯ. ಅಂಥವರಿಗೆ ಈ ಆ್ಯಪ್‌ಗಳು ಎಷ್ಟು ಉಪಯೋಗ ಅನ್ನುವುದಷ್ಟೇ ನನ್ನ ಪ್ರಶ್ನೆ.

ಫೋನಿನಲ್ಲಿ ಮೂರು ತರಹದವು ಇದ್ದವು. ಒಂದು, ಬಣ್ಣದ ನಕ್ಷೆಯಲ್ಲಿ ಗಾಳಿ, ಅಲೆ ತೋರಿಸುವ ಆ್ಯಪ್. ಎರಡನೆಯದು ಸರ್ಫರ್‌ಗಳಿಗೆ ಅಂತಲೇ ಮಾಡಿದ್ದು, ದಿನಕ್ಕೆ ಇಷ್ಟು ನಕ್ಷತ್ರ ಅಂತ ಕೊಡುತ್ತದೆ. ಮೂರನೆಯದು ಬರೀ ಭರತ-ಇಳಿತದ ವೇಳೆ ಹೇಳುವುದು. ನನಗೆ ತೊಂದರೆ ಕೊಟ್ಟವುಗಳ ಹೆಸರು ಹೇಳುವುದಿಲ್ಲ. ಯಾಕೆಂದರೆ ತಪ್ಪಿನಲ್ಲಿ ಅರ್ಧ ಪಾಲು ನನ್ನದೇ.

ಮೊದಲು ಆ 1 ಮೀಟರ್ ವಿಷಯ. ಆ್ಯಪ್ ಅಲೆಯ ಎತ್ತರ ಅಂತ ಒಂದೇ ಒಂದು ಅಂಕಿ ಕೊಡುತ್ತದೆ. ಎಲ್ಲ ಅಲೆಯೂ ಅಷ್ಟೇ ಇರುತ್ತದೆ ಅಂದುಕೊಂಡಿದ್ದೆ. ಹಾಗಲ್ಲ. ಬರುವ ಅಲೆಗಳಲ್ಲಿ ದೊಡ್ಡ ಮೂರನೇ ಒಂದು ಪಾಲನ್ನು ತೆಗೆದುಕೊಂಡು, ಅವುಗಳ ಸರಾಸರಿ ಎತ್ತರ ಹೇಳುವುದು ರೂಢಿ. ಈ ಲೆಕ್ಕ ಬಂದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಸೈನಿಕರನ್ನು ದೋಣಿಯಿಂದ ದಡಕ್ಕೆ ಇಳಿಸಲು ಯಾವ ದಿನ ಆಗುತ್ತದೆ ಅಂತ ಮೊದಲೇ ಹೇಳಬೇಕಿತ್ತು. ಹರಾಲ್ಡ್ ಸ್ವೆರ್‌ಡ್ರುಪ್ ಮತ್ತು ವಾಲ್ಟರ್ ಮಂಕ್ ಅನ್ನುವ ಇಬ್ಬರು ವಿಜ್ಞಾನಿಗಳು ಅದಕ್ಕೊಂದು ದಾರಿ ಮಾಡಿದರು. ಪಳಗಿದ ನಾವಿಕ ಕಣ್ಣಳತೆಯಲ್ಲಿ ಹೇಳುವ ಎತ್ತರಕ್ಕೆ ಈ ಸರಾಸರಿ ಹತ್ತಿರ ಬರುತ್ತದೆ ಅನ್ನುವುದು ಅದರ ಹಿಂದಿನ ಲೆಕ್ಕಾಚಾರ. ಒಳ್ಳೆಯ ಅಳತೆಯೇ. ಆದರೆ ಮಗುವಿನ ಕೈ ಹಿಡಿದು ಸೊಂಟದ ನೀರಲ್ಲಿ ನಿಂತವನಿಗೆ ಸರಾಸರಿಯಿಂದ ಏನಾಗಬೇಕು? ಅವನಿಗೆ ಬೇಕಾದದ್ದು ಅತಿ ದೊಡ್ಡ ಅಲೆ ಎಷ್ಟು ಅನ್ನುವುದು. ಸುಮಾರು ಸಾವಿರ ಅಲೆಯಲ್ಲಿ ಒಂದಾದರೂ ಆ ಅಂಕಿಯ ಹತ್ತಿರ ಹತ್ತಿರ ಎರಡು ಪಟ್ಟು ಇರುತ್ತದೆ. ಹತ್ತು ಸೆಕೆಂಡಿಗೆ ಒಂದು ಅಲೆ ಅಂದರೆ ಸಾವಿರ ಅಲೆಗೆ ಮೂರು ಗಂಟೆಯೂ ಬೇಡ. 1 ಮೀಟರ್ ಅಂತ ಓದಿದಾಗ 2 ಮೀಟರ್ ಒಂದು ಎಲ್ಲೋ ದಾರಿಯಲ್ಲಿದೆ ಅಂತಲೇ ಓದಬೇಕು. ಇದನ್ನು ಯಾವ ಆ್ಯಪ್ಪೂ ಮೊದಲ ಪುಟದಲ್ಲಿ ಹೇಳುವುದಿಲ್ಲ. ಒಂದರಲ್ಲಿ ಮಾತ್ರ ಸಹಾಯದ ಪುಟದಲ್ಲಿ, ತುಂಬ ಕೆಳಗೆ, ಸಣ್ಣ ಅಕ್ಷರದಲ್ಲಿ ಸಿಕ್ಕಿತು.

ಇದಕ್ಕಿಂತ ದೊಡ್ಡ ಪಾಠ ಸೆಕೆಂಡಿನದು. ಎತ್ತರದ ಪಕ್ಕದಲ್ಲೇ ಇನ್ನೊಂದು ಅಂಕಿ ಇರುತ್ತದೆ, 5 ಸೆಕೆಂಡ್, 9 ಸೆಕೆಂಡ್ ಅಂತ. ಒಂದು ಅಲೆ ಬಂದು ಮುಂದಿನ ಅಲೆ ಬರುವವರೆಗಿನ ಹೊತ್ತು ಅದು. ಮೊದಲ ದಿನ ನಾನದನ್ನು ನೋಡಿಯೇ ಇರಲಿಲ್ಲ. ಆಮೇಲೆ ಹಿಂದಕ್ಕೆ ಹೋಗಿ ನೋಡಿದರೆ ಮೊದಲ ದಿನ 1.2 ಮೀಟರ್, 5 ಸೆಕೆಂಡ್ ಇತ್ತು. ಕೆಂಪು ಬಾವುಟದ ದಿನ 1 ಮೀಟರ್, 14 ಸೆಕೆಂಡ್. ಅಲೆಯ ಬಲ ಎತ್ತರದ ವರ್ಗಕ್ಕೆ ಮತ್ತು ಈ ಸೆಕೆಂಡಿಗೆ ತಕ್ಕಂತೆ ಏರುತ್ತದೆ. ಗುಣಿಸಿ ನೋಡಿ. ಮೊದಲ ದಿನದ್ದು 1.2 ಗುಣಿಸು 1.2 ಗುಣಿಸು 5, ಅಂದರೆ 7.2. ಎರಡನೇ ದಿನದ್ದು 14. ಎತ್ತರ ಕಡಿಮೆಯಾಗಿದ್ದರೂ ಬಲ ಸುಮಾರು ಎರಡು ಪಟ್ಟು! ಅದೂ ಸಾಲದು ಅಂತ, ಸೆಕೆಂಡ್ ಜಾಸ್ತಿ ಇರುವ ಅಲೆಗಳು ಆಳ ಕಡಿಮೆಯಾಗುತ್ತಾ ಬಂದಂತೆ ಹೆಚ್ಚು ಎದ್ದು ನಿಲ್ಲುತ್ತವೆ. 5 ಸೆಕೆಂಡಿನವು ಹತ್ತಿರದಲ್ಲೇ ಬೀಸುವ ಗಾಳಿ ಎಬ್ಬಿಸಿದ ಚಿಲ್ಲರೆ ಅಲೆಗಳು. ನೋಡಲು ಒರಟು, ನೊರೆ ಜಾಸ್ತಿ, ಮುಖಕ್ಕೆ ಉಪ್ಪುನೀರು ಎರಚುತ್ತವೆ, ಅಷ್ಟೇ. 14 ಸೆಕೆಂಡಿನವು ಎಲ್ಲೋ ದೂರದ ಬಿರುಗಾಳಿಯಲ್ಲಿ ಹುಟ್ಟಿ ಬಂದವು. ಅವನ್ನು ಸ್ವೆಲ್ ಅನ್ನುತ್ತಾರೆ. ನಡುವೆ ಬಿಡುವು ಇರುವುದರಿಂದ ಕಡಲು ಶಾಂತವಾಗಿದೆ ಅನಿಸುತ್ತದೆ. ಮೋಸ ಹೋಗುವುದು ಅಲ್ಲೇ.

ಹಾಗಾಗಿ ನಕ್ಷೆಯ ಆ್ಯಪ್‌ಗೆ ನನ್ನ ಮೊದಲ ದೂರು: ಬಣ್ಣ. ಬಣ್ಣವನ್ನು ಎತ್ತರಕ್ಕೆ ಮಾತ್ರ ಕೊಟ್ಟಿದ್ದಾರೆ. ಸೆಕೆಂಡು ನೋಡಬೇಕೆಂದರೆ ಬೆರಳಿಟ್ಟು ಒತ್ತಬೇಕು. ಬೆಳಗ್ಗೆ ಅರೆನಿದ್ದೆಯಲ್ಲಿ ಯಾರು ಒತ್ತುತ್ತಾರೆ? ತಿಳಿ ನೀಲಿ ಕಂಡರೆ ಮನಸ್ಸು "ಸೇಫ್" ಅಂತ ಓದಿಬಿಡುತ್ತದೆ.

ಎರಡನೇ ದೂರು ನಿಜವಾಗಿ ದೂರಲ್ಲ, ಅದು ಈ ವಸ್ತುವಿನ ಮಿತಿ. ಈ ಅಂಕಿಗಳೆಲ್ಲ ಬರುವುದು ಕಂಪ್ಯೂಟರ್ ಮಾದರಿಗಳಿಂದ. ಇಡೀ ಕಡಲನ್ನು ಚೌಕಗಳಾಗಿ ಮಾಡಿ ಒಂದೊಂದಕ್ಕೂ ಲೆಕ್ಕ ಹಾಕುತ್ತಾರೆ. ಜಗತ್ತಿಗೆಲ್ಲ ಒಂದೇ ಸಲ ಲೆಕ್ಕ ಹಾಕುವ ಮಾದರಿಗಳಲ್ಲಿ ಒಂದು ಚೌಕ ಹತ್ತರಿಂದ ಇಪ್ಪತ್ತೈದು ಕಿಲೋಮೀಟರ್ ಅಗಲ ಇರುವುದು ಸಾಮಾನ್ಯ. ನಾನು ಈಜುವುದು ಕಡಲಿನ ಕೊನೆಯ ಐವತ್ತು ಮೀಟರ್‌ನಲ್ಲಿ. ಅಲ್ಲಿ ಮರಳದಿಬ್ಬ ಎಲ್ಲಿದೆ, ಹಳ್ಳ ಎಲ್ಲಿದೆ, ದಡ ಇಳಿಜಾರಾಗಿದೆಯಾ ಚಪ್ಪಟೆಯಾ ಅನ್ನುವುದು ಆ ಚೌಕಕ್ಕೆ ಗೊತ್ತೇ ಇಲ್ಲ. ನಕ್ಷೆಯನ್ನು ಎರಡು ಬೆರಳಿಂದ ಹಿಗ್ಗಿಸಿ ಹಿಗ್ಗಿಸಿ ನಮ್ಮ ಕೊಡೆ ಇಟ್ಟ ಜಾಗದವರೆಗೆ ಹೋಗಬಹುದು, ಆದರೆ ಅಂಕಿ ಹಿಗ್ಗುವುದಿಲ್ಲ. ಅದು ಹೊರಗಡಲಿನ ಅಂಕಿ. ಪಕ್ಕದಲ್ಲಿ ಬಂಡೆಯ ಮರೆ ಇರುವ ಪುಟ್ಟ ಕೊಲ್ಲಿ ಇತ್ತು, ಅಲ್ಲಿ ಅವತ್ತೂ ಮೊಣಕಾಲು ಅಲೆ. ಆ್ಯಪ್‌ನಲ್ಲಿ ಎರಡೂ ಕಡೆ ಒಂದೇ.

ಒಂದು ಒಳ್ಳೆಯ ಮಾತು ಹೇಳಿಬಿಡುತ್ತೇನೆ. ವಿಂಡಿ (Windy) ಅನ್ನುವ ನಕ್ಷೆಯ ಆ್ಯಪ್‌ನಲ್ಲಿ ಯುರೋಪಿನ ಮಾದರಿ, ಅಮೆರಿಕದ ಮಾದರಿ ಎರಡನ್ನೂ ಬದಲಾಯಿಸಿ ನೋಡಬಹುದು. ಎರಡೂ ಒಂದೇ ಮಾತು ಹೇಳಿದರೆ ನಂಬಿಕೆ ಜಾಸ್ತಿ, ಬೇರೆ ಬೇರೆ ಹೇಳಿದರೆ ಆ ದಿನಕ್ಕೆ ಯಾವ ಯೋಜನೆಯನ್ನೂ ಗಟ್ಟಿ ಮಾಡಿಕೊಳ್ಳಬೇಡಿ. ಇದು ನನಗೆ ತುಂಬ ಉಪಯೋಗಕ್ಕೆ ಬಂತು.

ಈಗ ನಕ್ಷತ್ರದ ಆ್ಯಪ್. ಮೂರನೇ ದಿನ ಅದರಲ್ಲಿ ನಾಲ್ಕು ನಕ್ಷತ್ರ! ಅಕ್ಕ ನೋಡಿ, "ಇವತ್ತು ಸೂಪರ್ ಅಂತೆ ಕಣೋ" ಅಂದಳು. ಅದು ಸರ್ಫರ್‌ಗಳಿಗೆ ಸೂಪರ್. ಅವರಿಗೆ ಬೇಕಾದದ್ದು ಸೆಕೆಂಡ್ ಜಾಸ್ತಿ ಇರುವ ಬಲವಾದ ಅಲೆ, ನೆಲದಿಂದ ಕಡಲಿನ ಕಡೆ ಬೀಸುವ ಗಾಳಿ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಬೇಡದೇ ಇರುವುದು ಅದೇ ಎರಡು. ಆ್ಯಪ್ ತಪ್ಪು ಹೇಳಿಲ್ಲ, ಅದು ಬೇರೆಯವರ ಜೊತೆ ಮಾತಾಡುತ್ತಿತ್ತು. ಈಜಲು ಹೋಗುವವರು ಆ ನಕ್ಷತ್ರಗಳನ್ನು ತಲೆಕೆಳಗಾಗಿ ಓದಿದರೆ ಹೆಚ್ಚು ಕಡಿಮೆ ಸರಿಹೋಗುತ್ತದೆ. ಹೆಚ್ಚು ಕಡಿಮೆ ಅಷ್ಟೇ, ಯಾಕೆಂದರೆ ಸೊನ್ನೆ ನಕ್ಷತ್ರ ಅಂದರೆ ಅಲೆಯೇ ಇಲ್ಲದ ತಣ್ಣನೆಯ ದಿನವೂ ಆಗಬಹುದು, ಬಿರುಗಾಳಿಗೆ ಎಲ್ಲವೂ ಕಲಸಿಹೋದ ದಿನವೂ ಆಗಬಹುದು.

ಗಾಳಿಯ ಬಾಣದ ಕಥೆ ಹೇಳಲೇಬೇಕು. ನಾಲ್ಕನೇ ದಿನ. ಹವಾಮಾನದವರ ರೂಢಿಯಲ್ಲಿ ಪೂರ್ವದ ಗಾಳಿ ಅಂದರೆ ಪೂರ್ವದಿಂದ ಬರುವ ಗಾಳಿ. ಆದರೆ ನೀರಿನ ಸೆಳೆತವನ್ನು ಹೇಳುವಾಗ ಅದು ಹೋಗುವ ದಿಕ್ಕನ್ನು ಹೇಳುತ್ತಾರೆ. ಇದಕ್ಕೆ ಸರಿಯಾಗಿ, ನನ್ನ ಒಂದು ಆ್ಯಪ್‌ನಲ್ಲಿ ಬಾಣ ಗಾಳಿ ಹೋಗುವ ಕಡೆ ತೋರಿಸುತ್ತಿತ್ತು, ಇನ್ನೊಂದರಲ್ಲಿ ಅಕ್ಷರದಲ್ಲಿ ಬರುವ ದಿಕ್ಕು ಬರೆದಿತ್ತು. ನಾನು ಎರಡನ್ನೂ ಕಲಸಿಬಿಟ್ಟೆ. ಕಡಲಿಂದ ದಡಕ್ಕೆ ಗಾಳಿ ಅಂದುಕೊಂಡೆ. ಇದ್ದದ್ದು ದಡದಿಂದ ಕಡಲಿಗೆ. ಅಂಥ ಗಾಳಿಯಲ್ಲಿ ಕಡಲು ತುಂಬ ಚೆಂದ ಕಾಣುತ್ತದೆ, ದಡದ ಹತ್ತಿರ ನೀರು ನುಣ್ಣಗೆ ಇರುತ್ತದೆ, ಯಾಕೆಂದರೆ ಗಾಳಿಗೆ ಅಲೆ ಎಬ್ಬಿಸಲು ಅಲ್ಲಿ ಜಾಗವೇ ಸಿಕ್ಕಿರುವುದಿಲ್ಲ. ಅಕ್ಕನ ಮಗ ಟ್ಯೂಬ್ ಮೇಲೆ ಕೂತು ಕಾಲು ಆಡಿಸುತ್ತಿದ್ದ. ನಾನು ಬಾಟಲಿ ಮುಚ್ಚಳ ತೆಗೆದು ನೀರು ಕುಡಿದು ತಿರುಗಿ ನೋಡುವಷ್ಟರಲ್ಲಿ ಹದಿನೈದು ಮೀಟರ್ ದೂರ ಹೋಗಿದ್ದ. "ಮಾಮ, ನೋಡು ನಾನೆಷ್ಟು ದೂರ ಬಂದೆ!" ಅಂತ ಖುಷಿಯಲ್ಲಿ ಕೂಗುತ್ತಿದ್ದ. ನೀರು ಇನ್ನೂ ನನ್ನ ಎದೆಮಟ್ಟ ಇತ್ತು, ಓಡಿ ಹಿಡಿದೆ. ಇನ್ನೊಂದು ಗುಟುಕು ಜಾಸ್ತಿ ಕುಡಿದಿದ್ದರೆ ಏನಾಗುತ್ತಿತ್ತೋ ನೆನೆಸಿಕೊಳ್ಳಲು ಇಷ್ಟವಿಲ್ಲ. ಗಾಳಿ ತುಂಬಿದ ಟ್ಯೂಬು, ಹಾಸಿಗೆ, ಬಾತುಕೋಳಿ, ಎಲ್ಲವೂ ಪುಟ್ಟ ಹಾಯಿ ಇದ್ದ ಹಾಗೆ. ಕೆಲವು ಬೀಚುಗಳಲ್ಲಿ ಇಂಥ ಗಾಳಿ ಇದ್ದಾಗ ಲೈಫ್‌ಗಾರ್ಡ್‌ಗಳು ಕಿತ್ತಳೆ ಬಣ್ಣದ ಗಾಳಿಚೀಲ ಕಟ್ಟುತ್ತಾರೆ. ಅದು ಹಾರುತ್ತಿದ್ದರೆ ಟ್ಯೂಬ್ ನೀರಿಗೆ ಇಳಿಸಲೇಬಾರದು. ಬಾಣದ ಗೊಂದಲಕ್ಕೆ ನಾನು ಕಂಡುಕೊಂಡ ದಾರಿ ಹಿಡಿ ಒಣಮರಳು. ನೀರಿನ ಅಂಚಲ್ಲಿ ನಿಂತು ಮೇಲಿಂದ ಬಿಟ್ಟರೆ ಗಾಳಿ ಯಾವ ಕಡೆ ಅಂತ ತಾನೇ ಹೇಳುತ್ತದೆ. ಪಕ್ಕದಲ್ಲಿ ಕೂತವರ ಮುಖಕ್ಕೆ ಹೋಗದ ಹಾಗೆ ನೋಡಿಕೊಳ್ಳಿ.

ಗಾಳಿಯ ವೇಗಕ್ಕೂ ಆ್ಯಪ್ ಬೇಕಾಗಿಲ್ಲ. ಫ್ರಾನ್ಸಿಸ್ ಬೊಫೋರ್ಟ್ ಅನ್ನುವ ನೌಕಾಧಿಕಾರಿ 1805ರಲ್ಲಿ ಒಂದು ಮಾಪಕ ಶುರು ಮಾಡಿದ. ಮೊದಲು ಅದು ಹಡಗಿನ ಹಾಯಿಯ ಲೆಕ್ಕದಲ್ಲಿತ್ತು, ಆಮೇಲೆ ಕಡಲು ಹೇಗೆ ಕಾಣುತ್ತದೆ ಅನ್ನುವುದನ್ನೂ ಸೇರಿಸಿದರು. ಅಲ್ಲೊಂದು ಇಲ್ಲೊಂದು ಬಿಳಿ ನೊರೆಯ ತುದಿ ಕಂಡರೆ ಗಂಟೆಗೆ 12ರಿಂದ 19 ಕಿಲೋಮೀಟರ್ ಗಾಳಿ. ಎಲ್ಲ ಕಡೆ ಬಿಳಿ ತುದಿಗಳಿದ್ದರೆ 20ಕ್ಕೆ ಮೇಲೆ. ಇನ್ನೂರು ವರ್ಷ ಹಳೆಯದು, ಬ್ಯಾಟರಿ ಬೇಡ, ಜಾಹೀರಾತು ಬರುವುದಿಲ್ಲ.

ಭರತ-ಇಳಿತದ ಆ್ಯಪ್ ಬಗ್ಗೆ ಒಳ್ಳೆಯದೇ ಬರೆಯುತ್ತಿದ್ದೆ, ಒಂದು ವಿಷಯ ಬಿಟ್ಟರೆ. ಸೂರ್ಯ ಚಂದ್ರರ ಲೆಕ್ಕ ನೂರಾರು ವರ್ಷದಿಂದ ಗೊತ್ತಿರುವುದು, ಆದ್ದರಿಂದ ಗಾಳಿ, ಅಲೆಗಿಂತ ಇದರ ಮುನ್ಸೂಚನೆ ಎಷ್ಟೋ ನಂಬಿಕಸ್ಥ. ಹೆಚ್ಚಿನ ಕಡಲುಗಳಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತವೆ. ಅಮಾವಾಸ್ಯೆ, ಹುಣ್ಣಿಮೆಯ ಹತ್ತಿರ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ನನಗಾದದ್ದು ಏನೆಂದರೆ, ಆ್ಯಪ್ ವೇಳೆಯನ್ನು ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ, ತೋರಿಸುತ್ತಿತ್ತು, ನಾನದನ್ನು ದಡದ ಗಡಿಯಾರ ಅಂದುಕೊಂಡಿದ್ದೆ. ಇಳಿತದ ಹೊತ್ತಿಗೆ ಬಂಡೆ ಸುತ್ತಿ ಆಚೆಯ ಮರಳಿಗೆ ನಡೆದು ಹೋಗೋಣ ಅಂತ ಹೊರಟರೆ, ನೀರು ಇಳಿಯುವ ಬದಲು ಏರುತ್ತಿದೆ! ಹೋಗುವಾಗ ಪಾದ ನೆನೆಯಿತು, ವಾಪಸ್ ಬರುವಾಗ ತೊಡೆ. ನೀರು ಒಂದೇ ಸಮನೆ ಏರುವುದಿಲ್ಲ ಅನ್ನುವುದೂ ಅವತ್ತೇ ಗೊತ್ತಾಯಿತು. ಆರು ಗಂಟೆಯ ಏರಿಕೆಯಲ್ಲಿ ನಡುವಿನ ಎರಡು ಗಂಟೆಯಲ್ಲೇ ಸುಮಾರು ಅರ್ಧದಷ್ಟು ಏರಿಬಿಡುತ್ತದೆ. ಮೊದಲ ಗಂಟೆ ನೋಡಿ "ನಿಧಾನವಾಗಿದೆ, ಬಿಡು" ಅಂದವರು ಬಂಡೆ ಮೇಲೆ ಸಿಕ್ಕಿಬೀಳುವುದು ಹೀಗೆಯೇ. ಸೆಟ್ಟಿಂಗ್ಸ್‌ನಲ್ಲಿ ಸ್ಥಳೀಯ ಸಮಯ ಇದೆಯಾ ಅಂತ ಮೊದಲು ನೋಡಿ. ಅಳತೆ ಕೊಟ್ಟಿರುವುದು ನಿಮ್ಮ ಬೀಚಿಗಾ, ದೂರದ ಬಂದರಿಗಾ ಅಂತಲೂ ನೋಡಿ.

ಲೈವ್ ಕ್ಯಾಮೆರಾ ಇರುವ ಆ್ಯಪ್‌ಗಳಿವೆ. ಚೆನ್ನಾಗಿವೆ, ಆದರೆ ಕ್ಯಾಮೆರಾ ಮೇಲಿನಿಂದ ನೋಡುತ್ತದೆ, ಅಲೆ ಚಪ್ಪಟೆಯಾಗಿ ಕಾಣುತ್ತದೆ. ಚಿತ್ರದಲ್ಲಿ ಒಬ್ಬ ಮನುಷ್ಯ ನೀರಿಗೆ ಇಳಿಯುವವರೆಗೆ ಕಾಯಿರಿ. ಅವನ ಯಾವ ಭಾಗಕ್ಕೆ ಅಲೆ ಬಡಿಯುತ್ತದೆ ಅಂತ ಗೊತ್ತಾದರೆ ಸಾಕು.

ಇಷ್ಟೆಲ್ಲ ಬೈದ ಮೇಲೂ ನಾನು ನಕ್ಷೆಯ ಆ್ಯಪನ್ನು ಫೋನಿಂದ ತೆಗೆದಿಲ್ಲ. ಯಾಕೆಂದರೆ ಆರನೇ ದಿನ ಅದು ಮಾಡಿದ ಕೆಲಸವನ್ನು ನನ್ನ ಕಣ್ಣು ಮಾಡಲು ಸಾಧ್ಯವೇ ಇರಲಿಲ್ಲ. ನಾಲ್ಕನೇ ದಿನವೇ ಅದು ತೋರಿಸಿತ್ತು: ಈಗ 7 ಸೆಕೆಂಡ್, ಆರನೇ ದಿನ ಮಧ್ಯಾಹ್ನದ ಹೊತ್ತಿಗೆ 15. ಎತ್ತರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆಗ ನನಗೆ ಆ ಅಂಕಿ ಓದಲು ಬರುತ್ತಿತ್ತು. 15 ಸೆಕೆಂಡಿನ ಸ್ವೆಲ್ ಆಳದ ಕಡಲಿನಲ್ಲಿ ಗಂಟೆಗೆ ಸುಮಾರು 40 ಕಿಲೋಮೀಟರ್ ಸಾಗುತ್ತದೆ, ದಿನಕ್ಕೆ ಸಾವಿರ ಕಿಲೋಮೀಟರ್. ಬಿರುಗಾಳಿ ಎರಡು ಸಾವಿರ ಕಿಲೋಮೀಟರ್ ಆಚೆ, ನಮ್ಮ ತಲೆ ಮೇಲೆ ನೀಲಿ ಆಕಾಶ, ಅಲೆ ಮಾತ್ರ ಹೊರಟಾಗಿದೆ. ದಡದಲ್ಲಿ ನಿಂತವನಿಗೆ ಇದರ ಸುಳಿವು ಹೇಗೆ ಸಿಗಬೇಕು? ನಾವು ಆರನೇ ದಿನ ಬೆಳಗ್ಗೆ ಬೇಗ ಹೋಗಿ ಈಜಿ, ಹನ್ನೊಂದಕ್ಕೆ ಎದ್ದು ಬಂದೆವು. ಎರಡು ಗಂಟೆಗೆ ಸುಮ್ನೆ ನೋಡಲು ಹೋದಾಗ ಕೆಂಪು ಬಾವುಟ ಏರಿಸುತ್ತಿದ್ದರು. ಆ ಕ್ಷಣ ನನಗೆ ಸಿಕ್ಕ ತೃಪ್ತಿ ಇದೆಯಲ್ಲ, ಪರೀಕ್ಷೆ ಪಾಸಾದಾಗಲೂ ಸಿಕ್ಕಿರಲಿಲ್ಲ.

ಈಗ ಇದರ ಎದುರಾಳಿ ಸೇವೆ, ಬಾವುಟ. ಕೆಂಪು ಮೇಲೆ, ಹಳದಿ ಕೆಳಗೆ ಇರುವ ಬಾವುಟ ಎರಡು ಕಡೆ ನೆಟ್ಟಿದ್ದರೆ, ಅವೆರಡರ ನಡುವೆ ಲೈಫ್‌ಗಾರ್ಡ್ ಕಣ್ಣಿಟ್ಟಿರುತ್ತಾನೆ, ಈಜುವುದು ಅಲ್ಲೇ. ಬರೀ ಹಳದಿ ಅಂದರೆ ಎಚ್ಚರ. ಕೆಂಪು ಅಂದರೆ ಅಪಾಯ. ಎರಡು ಕೆಂಪು ಒಟ್ಟಿಗೆ ಇದ್ದರೆ ನೀರು ಬಂದ್. ನೇರಳೆ ಬಣ್ಣ ಜೆಲ್ಲಿಫಿಶ್ ಥರದ ಜೀವಿಗಳಿಗೆ. ಕಪ್ಪು ಬಿಳುಪಿನ ನಾಲ್ಕು ಚೌಕದ್ದು ಸರ್ಫ್‌ಬೋರ್ಡ್‌ನವರ ಜಾಗ, ಅಲ್ಲಿಗೆ ಹೋದರೆ ಹಲಗೆ ತಲೆಗೆ ಬಡಿಯುತ್ತದೆ. ಇದಕ್ಕೆ ಅಂತರರಾಷ್ಟ್ರೀಯ ಮಾನದಂಡವೂ ಇದೆ, ಐಎಸ್ಒ 20712, ಆದರೂ ಎಲ್ಲ ದೇಶದಲ್ಲಿ ಎಲ್ಲ ಬಣ್ಣವೂ ಬಳಕೆಯಲ್ಲಿಲ್ಲ. ಕೆಲವು ದೇಶಗಳಲ್ಲಿ ಹಸಿರು ಬಾವುಟವೇ ಇಲ್ಲ. ನನಗೆ ಅದು ಸರಿ ಅನಿಸುತ್ತದೆ. ಕಡಲಿಗೆ ಹಸಿರು ನಿಶಾನೆ ತೋರಿಸಲು ಯಾರಿಗೆ ಧೈರ್ಯ ಬರುತ್ತದೆ? ಈ ಸೇವೆಯ ದೋಷ ಎರಡು. ಲೈಫ್‌ಗಾರ್ಡ್‌ನ ಕೆಲಸದ ಹೊತ್ತು ಮುಗಿದರೆ ಬಾವುಟವೂ ಇಳಿಯುತ್ತದೆ, ಮತ್ತು ಬಾವುಟ ಇಲ್ಲದ ದಡವನ್ನು ಜನ ಅಪಾಯವಿಲ್ಲದ ದಡ ಅಂತ ತಿಳಿದುಕೊಳ್ಳುತ್ತಾರೆ. ಅಲ್ಲಿ ನೋಡುವವರು ಯಾರೂ ಇಲ್ಲ ಅನ್ನುವುದೇ ಅದರ ಅರ್ಥ.

ಲೈಫ್‌ಗಾರ್ಡ್ ಇಲ್ಲದ ಕಡೆ ಉಳಿಯುವುದು ನಮ್ಮ ಕಣ್ಣು. ಇದನ್ನು ನಾನು ಕಲಿತದ್ದು ಎರಡನೇ ದಿನದ ಆ ಲೈಫ್‌ಗಾರ್ಡ್ ಹತ್ತಿರವೇ, ಆಮೇಲೆ ದಿನಾ ಸಂಜೆ ಹೋಗಿ ತಲೆ ತಿನ್ನುತ್ತಿದ್ದೆ. ಮೊದಲು ಎತ್ತರದಲ್ಲಿ ನಿಲ್ಲಬೇಕು. ಮೆಟ್ಟಿಲೋ, ಮರಳಿನ ದಿಬ್ಬವೋ ಏನಾದರೂ ಸರಿ. ಹದಿನೈದು ನಿಮಿಷ. ಅಲೆಗಳು ಎಲ್ಲಿ ಒಡೆಯುತ್ತವೆ ಅನ್ನುವುದಕ್ಕಿಂತ ಎಲ್ಲಿ ಒಡೆಯುವುದಿಲ್ಲ ಅಂತ ಹುಡುಕಬೇಕು. ಎರಡು ಕಡೆ ಬಿಳಿ ನೊರೆ, ನಡುವೆ ಒಂದು ಓಣಿಯಷ್ಟು ಜಾಗ ಮಾತ್ರ ಕಪ್ಪಗೆ, ನುಣ್ಣಗೆ, ಅಲೆಯಿಲ್ಲದೆ ಇದ್ದರೆ, ಅದೇ ಸೆಳೆತ. ರಿಪ್ ಕರೆಂಟ್ ಅನ್ನುತ್ತಾರಲ್ಲ, ಅದು. ದಡಕ್ಕೆ ಬಂದ ನೀರೆಲ್ಲ ವಾಪಸ್ ಹೋಗಬೇಕಲ್ಲ, ಮರಳದಿಬ್ಬದ ನಡುವೆ ಆಳವಾದ ಹಳ್ಳ ಸಿಕ್ಕಿದ ಕಡೆ ಒಟ್ಟಾಗಿ ನುಗ್ಗುತ್ತದೆ. ಆಳ ಇರುವುದರಿಂದಲೇ ಅಲ್ಲಿ ಅಲೆ ಒಡೆಯುವುದಿಲ್ಲ. ಆತ ಅದನ್ನು ತೋರಿಸಿದಾಗ ನನ್ನ ಎದೆ ಝಲ್ಲೆಂದಿತು, ಯಾಕೆಂದರೆ ಮೊದಲ ದಿನ ಬೆಳಗ್ಗೆ "ಇಲ್ಲಿ ಅಲೆ ಕಡಿಮೆ, ಮಗುವಿಗೆ ಒಳ್ಳೆಯದು" ಅಂತ ನಾನು ಕೊಡೆ ನೆಟ್ಟಿದ್ದು ಸರಿಯಾಗಿ ಅದರ ಮುಂದೆಯೇ. ಮರಳು ಕದಡಿದ ಕಂದು ನೀರು, ಇಲ್ಲವೇ ನೊರೆ, ಕಡಲಿನ ಕಡೆ ತೇಲಿ ಹೋಗುತ್ತಿದ್ದರೂ ಅದೇ ಗುರುತು. ಇಳಿತದ ಹೊತ್ತಲ್ಲಿ ಇದರ ಎಳೆತ ಸಾಮಾನ್ಯವಾಗಿ ಜಾಸ್ತಿ.

ಎಳೆತ ಎಷ್ಟಿರುತ್ತದೆ? ಬಹಳ ಸಲ ಸೆಕೆಂಡಿಗೆ ಅರ್ಧ ಮೀಟರ್ ಆಸುಪಾಸು. ಕೇಳಲು ಏನೂ ಅಲ್ಲ. ನಾನು ಕೊಳದಲ್ಲಿ 100 ಮೀಟರ್ ಈಜಲು ಎರಡೂವರೆ ನಿಮಿಷ ಬೇಕು, ಅಂದರೆ ಸೆಕೆಂಡಿಗೆ ಮುಕ್ಕಾಲು ಮೀಟರ್ರೂ ಇಲ್ಲ. ಎದುರಾಗಿ ಈಜಿದರೆ ಜೀವ ಹೋಗುವಷ್ಟು ಕೈಬಡಿದು ಆಮೆಯ ಹಾಗೆ ಮುಂದೆ ಹೋಗುತ್ತೇನೆ, ಎರಡು ನಿಮಿಷದಲ್ಲಿ ಉಸಿರು ಕಟ್ಟುತ್ತದೆ. ಸೆಳೆತ ಜೋರಾದಾಗ ಸೆಕೆಂಡಿಗೆ 2 ಮೀಟರ್ ದಾಟುವುದೂ ಉಂಟು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪಾನ್ ಝಾನ್‌ಲೆ 100 ಮೀಟರನ್ನು 46.40 ಸೆಕೆಂಡಿನಲ್ಲಿ ಈಜಿ ವಿಶ್ವದಾಖಲೆ ಮಾಡಿದಾಗ ಅವನ ವೇಗ ಸೆಕೆಂಡಿಗೆ 2.15 ಮೀಟರ್. ಅಂದರೆ ಅವನೂ ನಿಂತಲ್ಲೇ ನಿಂತಿರುತ್ತಿದ್ದ. ನನ್ನ ಒಂದು ಆ್ಯಪ್‌ನ ಸಲಹೆ ಪುಟದಲ್ಲಿ "ದಡಕ್ಕೆ ಸಮವಾಗಿ ಪಕ್ಕಕ್ಕೆ ಈಜಿ" ಅಂತ ಒಂದೇ ಸಾಲು ಇತ್ತು. ತಪ್ಪಲ್ಲ, ಅರ್ಧ ಸರಿ. ಲೈಫ್‌ಗಾರ್ಡ್ ಹೇಳಿದ ಕ್ರಮ ಬೇರೆ: ಮೊದಲು ಅಂಗಾತ ತೇಲಿ ಉಸಿರು ಹಿಡಿತಕ್ಕೆ ತಂದುಕೊಳ್ಳಿ, ಕೈ ಎತ್ತಿ ಕೂಗಿ, ಆಮೇಲೆ ಶಕ್ತಿ ಇದ್ದರೆ ಪಕ್ಕಕ್ಕೆ, ಅಲೆ ಒಡೆಯುವ ಕಡೆಗೆ ಈಜಿ, ಯಾಕೆಂದರೆ ಅಲ್ಲಿ ಆಳ ಕಡಿಮೆ. ಸೆಳೆತ ನೀರಿನ ಕೆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಮುಳುಗಿಸುವುದು ಗಾಬರಿ ಮತ್ತು ಸುಸ್ತು. ಬೇರೆಯವರು ಸಿಕ್ಕಿಕೊಂಡದ್ದು ಕಂಡರೆ ಹಿಂದೆ ಹಾರಬೇಡಿ, ತೇಲುವಂಥದ್ದು ಏನಾದರೂ ಎಸೆದು, ಲೈಫ್‌ಗಾರ್ಡ್‌ನ್ನು ಕರೆಯಿರಿ.

ಅಲೆ ಒಡೆಯುವ ರೀತಿಯನ್ನೂ ನೋಡಬೇಕು. ಚಪ್ಪಟೆ ದಡದಲ್ಲಿ ಅಲೆ ದೂರದಿಂದಲೇ ನೊರೆ ಉರುಳಿಸುತ್ತಾ ಬಂದು ಸವೆದುಹೋಗುತ್ತದೆ. ಇಳಿಜಾರು ದಡದಲ್ಲಿ ಕೊನೆಯ ಕ್ಷಣದವರೆಗೆ ಸುಮ್ಮನಿದ್ದು, ಮೊಣಕಾಲುದ್ದ ನೀರಿನ ಮೇಲೆ ಒಮ್ಮೆಲೇ ಬೀಳುತ್ತದೆ. ಕುತ್ತಿಗೆ ಮುರಿಯುವ ಪೆಟ್ಟು ಬೀಳುವುದು ಈ ಎರಡನೆಯದರಲ್ಲಿ, ಅದೂ ಎರಡು ಹೆಜ್ಜೆ ನೀರಲ್ಲಿ. ಅಲೆ ಸಾಮಾನ್ಯವಾಗಿ ತನ್ನ ಎತ್ತರದ 1.3 ಪಟ್ಟು ಆಳ ಇರುವ ಕಡೆ ಒಡೆಯುತ್ತದೆ, ಹಾಗಾಗಿ ದೂರದಿಂದ ನೋಡಿಯೇ ಅಲ್ಲಿ ನೀರೆಷ್ಟು ಅಂತ ಅಂದಾಜು ಮಾಡಬಹುದು. ಎತ್ತರ ತಿಳಿಯಲು ಇನ್ನೊಂದು ಉಪಾಯ: ನೀರಿನ ಅಂಚಲ್ಲಿ ನಿಂತು ನೋಡಿ. ಅಲೆಯ ತುದಿ ದೂರದ ಕಡಲಿನ ಗೆರೆಯನ್ನು ಮುಚ್ಚಿದರೆ, ಅದು ನಿಮ್ಮ ಕಣ್ಣಿಗಿಂತ ಎತ್ತರ ಇದೆ. ವಾಪಸ್ ಬನ್ನಿ.

ಉಳಿದದ್ದು ಚುಟುಕಾಗಿ. ನೀರಿನ ತಾಪಮಾನ ಆ್ಯಪ್‌ಗಳಲ್ಲಿ ಪರವಾಗಿಲ್ಲ, 15 ಡಿಗ್ರಿಗಿಂತ ಕಡಿಮೆ ಇದ್ದರೆ ಮೊದಲ ಒಂದೆರಡು ನಿಮಿಷ ಉಸಿರು ನಮ್ಮ ಮಾತು ಕೇಳುವುದಿಲ್ಲ, ಹಾರಬೇಡಿ, ನಿಧಾನ ಇಳಿಯಿರಿ. ಜೋರು ಮಳೆ ಬಂದ ಮೇಲೆ ಒಂದೆರಡು ದಿನ ಹೊಳೆ, ಚರಂಡಿ ಕಡಲಿಗೆ ಸೇರುವ ಜಾಗದ ಹತ್ತಿರ ಈಜಬೇಡಿ. ಗುಡುಗು ಕೇಳಿದರೆ ಹೊರಗೆ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ.

ಅಂಕ ಕೊಡಲೇಬೇಕು ಅಂದರೆ: ನಕ್ಷೆಯ ಆ್ಯಪ್‌ಗೆ ನಾಳೆ ನಾಡಿದ್ದಿನ ಯೋಜನೆ ಮಾಡಲು 5ಕ್ಕೆ 4, ಈಗ ನೀರಿಗೆ ಇಳಿಯಲಾ ಅಂತ ಕೇಳಲು 5ಕ್ಕೆ 1. ಭರತ-ಇಳಿತದ್ದಕ್ಕೆ 4, ಯುಟಿಸಿ ಕೋಪ ಇನ್ನೂ ಇಳಿದಿಲ್ಲ, ಇಲ್ಲದಿದ್ದರೆ 5. ನಕ್ಷತ್ರದ್ದು ಸರ್ಫರ್‌ಗಳು ಹೇಳಲಿ. ದುಡ್ಡು ಕೊಟ್ಟು ದೊಡ್ಡ ಆವೃತ್ತಿ ತೆಗೆದುಕೊಳ್ಳುವ ಅಗತ್ಯ ನನಗೆ ಕಾಣಲಿಲ್ಲ. ಗಂಟೆ ಗಂಟೆಯ ಅಂಕಿ ಸಿಕ್ಕರೂ ಅದು ಅದೇ ದೊಡ್ಡ ಚೌಕದ ಅಂಕಿ.

ಒಂಬತ್ತನೇ ದಿನ, ಹೊರಡುವ ಬೆಳಗ್ಗೆ, ಕೊನೆಯ ಸಲ ಮುಳುಗು ಹಾಕೋಣ ಅಂತ ಹೋದೆವು. 0.7 ಮೀಟರ್, 6 ಸೆಕೆಂಡ್, ಎಲ್ಲ ಸರಿ. ಆದರೆ ಕೆಂಪು-ಹಳದಿ ಬಾವುಟಗಳು ದಿನಾ ಇರುವ ಜಾಗದಲ್ಲಿ ಇರಲಿಲ್ಲ. ಅರವತ್ತು ಎಪ್ಪತ್ತು ಮೀಟರ್ ಎಡಕ್ಕೆ ನೆಟ್ಟಿದ್ದರು. ಆರನೇ ದಿನದ ಸ್ವೆಲ್ ಮರಳದಿಬ್ಬವನ್ನು ಸರಿಸಿತ್ತು, ನಾವು ವಾರವೆಲ್ಲ ಈಜಿದ ಜಾಗದಲ್ಲಿ ಈಗ ಹಳ್ಳ ಬಿದ್ದಿದೆ ಅಂತ ಲೈಫ್‌ಗಾರ್ಡ್ ಹೇಳಿದ. ಅಕ್ಕನ ಮಗ ಕೈ ತೋರಿಸಿ, "ಮಾಮ, ಅಲ್ಲಿ ನೋಡು, ಅಲೇನೇ ಇಲ್ಲ" ಅಂದ. ಹೌದು, ಎರಡು ನೊರೆಗಳ ನಡುವೆ ಒಂದು ಕಪ್ಪು ಓಣಿ. ಕೊಡೆ, ಟವೆಲ್ಲು, ಚೆಂಡು ಎಲ್ಲ ಎತ್ತಿಕೊಂಡು ಎಡಕ್ಕೆ ನಡೆದೆವು.